ಕಾಣೆಯಾದವರನ್ನು ಹುಡುಕಿ, ಕೈಗೆ ಸಿಕ್ಕವರನ್ನು ಕೊಲೆಗಾರರನ್ನಾಗಿ ಮಾಡಬೇಡಿ!

ಟಿ.ವಿ. ಸ್ಟುಡಿಯೋ ನ್ಯಾಯಾಲಯವಲ್ಲ!
ವಾಟ್ಸ್‌ಆ್ಯಪ್ ಗುಂಪು ಪೊಲೀಸ್ ಠಾಣೆಯಲ್ಲ!



ಬಸ್ ನಿಲ್ದಾಣದ ಕಂಬಕ್ಕೋ ಠಾಣೆಯ ನೋಟಿಸ್ ಬೋರ್ಡಿಗೋ ಅಂಟಿಸಿರುವ ‘ಕಾಣೆಯಾಗಿದ್ದಾರೆ’ ಚೀಟಿಯನ್ನು ಒಮ್ಮೆ ನಿಂತು ಓದಿ. ಜೆರಾಕ್ಸಿನಲ್ಲಿ ಮುಖ ಕಪ್ಪಿಟ್ಟ ಒಂದು ಫೋಟೊ. ಕೆಳಗೆ ಚಹರೆ: ‘ಕೋಲು ಮುಖ, ಎಣ್ಣೆಗೆಂಪು ಮೈಬಣ್ಣ, ಸಾಧಾರಣ ಮೈಕಟ್ಟು. ಮನೆಯಿಂದ ಹೋಗುವಾಗ ಹಸಿರು ಬಣ್ಣದ ಚೂಡಿದಾರ್ ಧರಿಸಿದ್ದಳು. ಕನ್ನಡ, ತೆಲುಗು ಮಾತನಾಡುತ್ತಾಳೆ.’ ಕೊನೆಗೆ ಠಾಣೆಯ ಫೋನ್ ನಂಬರು. ಹುಡುಕುವವರಿಗೆ ಬೇಕಾದದ್ದೆಲ್ಲ ಆ ನಾಲ್ಕು ಸಾಲಿನಲ್ಲಿದೆ. ಆದರೆ ಆ ಚೀಟಿಯನ್ನು ಓದುವವರು ಎಷ್ಟು ಜನ? ಎರಡು ಮಳೆ ಬಿದ್ದರೆ ಅದೂ ಕಿತ್ತುಹೋಗುತ್ತದೆ.

ಅದೇ ಹುಡುಗಿ ಟಿ.ವಿ.ಯಲ್ಲಿ ಸುದ್ದಿಯಾದಳೆನ್ನಿ. ಅವಳ ಚಹರೆಗೆ ಸಿಗುವುದು ಹತ್ತು ಸೆಕೆಂಡು. ಉಳಿದ ಅರ್ಧ ಗಂಟೆ ಬೇರೆ ಯಾರದೋ ಮುಖ: ಅದರ ಸುತ್ತ ಕೆಂಪು ವೃತ್ತ, ಅದರತ್ತ ಒಂದು ಬಾಣ, ಹಿಂದೆ ಎದೆ ನಡುಗಿಸುವ ಸಂಗೀತ, ಕೆಳಗೆ ‘ಇವನೇ ಕೊಂದನಾ?’ ಎಂಬ ದಪ್ಪಕ್ಷರ. ಅಳುತ್ತಿರುವ ತಾಯಿಯ ಬಾಯಿಗೆ ಮೈಕ್ ಹಿಡಿದು, ‘ಅಮ್ಮಾ, ನಿಮಗೆ ಯಾರ ಮೇಲೆ ಅನುಮಾನ?’ ಎಂದು ಕೇಳುತ್ತಾರೆ. ಮೂರು ರಾತ್ರಿ ನಿದ್ದೆ ಕಾಣದ ಆ ತಾಯಿ ಒಂದು ಹೆಸರು ಹೇಳುತ್ತಾಳೆ. ಅಲ್ಲಿಗೆ ಹುಡುಕಾಟ ನಿಂತು ಬೇಟೆ ಶುರುವಾಗುತ್ತದೆ.

ಈ ಪದ್ಧತಿ ನಿಲ್ಲಬೇಕು ಎಂದು ಕೇಳಲು ನಿಮ್ಮ ಮುಂದೆ ಬಂದಿದ್ದೇವೆ. ನಮ್ಮ ಮಾತು ಒಂದೇ: ಕಾಣೆಯಾದವರ ಮುಖ ಊರಿಗೆಲ್ಲ ಗೊತ್ತಾಗಲಿ, ಶಂಕಿತರ ಹೆಸರು ದೋಷಾರೋಪ ಪಟ್ಟಿ ಸಲ್ಲಿಕೆಯಾಗುವವರೆಗೆ ತನಿಖೆಯ ಕಡತದಲ್ಲೇ ಇರಲಿ. ಈ ಕರಪತ್ರದಲ್ಲಿ ನಾವೂ ಯಾರೊಬ್ಬರ ಹೆಸರನ್ನೂ ಹಾಕಿಲ್ಲ. ಅದು ಬೇಕೆಂದೇ ಮಾಡಿದ್ದು.

ಕೊಡಗಿನಲ್ಲಿ ನಡೆದದ್ದು

2020ರಲ್ಲಿ ಕೊಡಗಿನ ಒಬ್ಬ ಬುಡಕಟ್ಟು ಕೂಲಿಕಾರನ ಹೆಂಡತಿ ಕಾಣೆಯಾದಳು. ಹುಡುಕಿಕೊಡಿ ಎಂದು ಠಾಣೆಗೆ ಹೋಗಿ ದೂರು ಕೊಟ್ಟವನು ಆ ಗಂಡನೇ. ಮುಂದೆ ಪಕ್ಕದ ಮೈಸೂರು ಜಿಲ್ಲೆಯಲ್ಲಿ ಒಂದು ಅಸ್ಥಿಪಂಜರ ಸಿಕ್ಕಿತು. ಅದು ಅವನ ಹೆಂಡತಿಯದೇ ಎಂದು ಪೊಲೀಸರು ತೀರ್ಮಾನಿಸಿದರು. ದೂರು ಕೊಟ್ಟವನೇ ಕೊಲೆ ಆರೋಪಿಯಾಗಿ ಜೈಲು ಸೇರಿದ. ಎಲುಬುಗಳ ಡಿಎನ್‌ಎ ಆಕೆಯ ತಾಯಿಯ ಡಿಎನ್‌ಎ ಜೊತೆ ಹೊಂದಲಿಲ್ಲ. ಆದರೂ ಮೊಕದ್ದಮೆ ನಿಲ್ಲಲಿಲ್ಲ. ಒಂದೂವರೆ ವರ್ಷದಷ್ಟು ಕಾಲ ಆತ ಕಂಬಿ ಎಣಿಸಿದ.

2025ರ ಏಪ್ರಿಲ್ 1ರಂದು ಮಡಿಕೇರಿಯ ಒಂದು ಹೋಟೆಲಿನಲ್ಲಿ ಆ ಹೆಂಡತಿ ಜೀವಂತವಾಗಿ ಸಿಕ್ಕಳು. ಪರಿಚಯದವರು ಕಂಡು ಗುರುತು ಹಿಡಿದರು. ಅದೇ ತಿಂಗಳು ಮೈಸೂರಿನ ಸೆಷನ್ಸ್ ನ್ಯಾಯಾಲಯ ಆತನನ್ನು ಗೌರವಯುತವಾಗಿ ಬಿಡುಗಡೆ ಮಾಡಿ, ಸರ್ಕಾರ 1 ಲಕ್ಷ ರೂಪಾಯಿ ಪರಿಹಾರ ಕೊಡಬೇಕೆಂದು ಆದೇಶಿಸಿತು.

ಬಂಧುಗಳೇ, ಇದು ದೋಷಾರೋಪ ಪಟ್ಟಿ ದಾಟಿ ವಿಚಾರಣೆಯ ಹಂತಕ್ಕೆ ಬಂದಿದ್ದ ಪ್ರಕರಣ. ಪೊಲೀಸರು ಸಹಿ ಹಾಕಿ ಕೋರ್ಟಿಗೆ ಕೊಟ್ಟ ಕಥೆಯೇ ಹೀಗೆ ಕುಸಿಯಬಹುದಾದರೆ, ತನಿಖೆ ಶುರುವಾದ ಸಂಜೆಯೇ ಸ್ಟುಡಿಯೋದಲ್ಲಿ ಕಟ್ಟುವ ಕಥೆಯನ್ನು ಯಾವ ಧೈರ್ಯದಲ್ಲಿ ನಂಬುವುದು?

ಇನ್ನೂ ಒಂದು ಪ್ರಶ್ನೆ ಉಳಿದಿದೆ, ಅದು ಇದಕ್ಕಿಂತ ದೊಡ್ಡದು. ಆ ಎಲುಬುಗಳು ಆಕೆಯದಲ್ಲ ಎಂದಾದ ಮೇಲೆ ಯಾರದ್ದು? ಅದೂ ಒಂದು ಮನೆಯ ಮಗಳೋ ತಾಯಿಯೋ ಇರಬೇಕಲ್ಲವೇ? ಎಲ್ಲೋ ಒಂದು ಮನೆಯಲ್ಲಿ ಆ ಜೀವಕ್ಕಾಗಿ ಕಾಯುತ್ತಿದ್ದವರು ಇರಬೇಕಲ್ಲವೇ? ತಪ್ಪು ವ್ಯಕ್ತಿಗೆ ಅಪರಾಧ ಅಂಟಿಸಿದ ದಿನವೇ ಆ ಇನ್ನೊಬ್ಬರ ಹುಡುಕಾಟಕ್ಕೂ ಬಾಗಿಲು ಹಾಕಿದಂತಾಯಿತು. ಅವಸರದಲ್ಲಿ ಹೇಳಿದ ಹೆಸರಿನಿಂದ ಕೆಡುವುದು ಒಂದೇ ಬಾಳು ಎಂದುಕೊಳ್ಳಬೇಡಿ.

ನೋಯ್ಡಾ ಕಲಿಸಿದ ಎರಡು ಪಾಠ

2006ರ ಡಿಸೆಂಬರ್. ದೆಹಲಿ ಪಕ್ಕದ ನೋಯ್ಡಾದ ನಿಠಾರಿ ಎಂಬ ಹಳ್ಳಿಯಲ್ಲಿ ಒಂದು ಬಂಗಲೆಯ ಹಿಂದಿನ ಚರಂಡಿಯಲ್ಲಿ ಮಕ್ಕಳ ಎಲುಬು, ತಲೆಬುರುಡೆ ಸಿಕ್ಕವು. ಆ ಮಕ್ಕಳು ಒಂದೇ ದಿನ ಕಾಣೆಯಾದವರಲ್ಲ. ತಿಂಗಳುಗಟ್ಟಲೆ ಒಬ್ಬರ ಹಿಂದೆ ಒಬ್ಬರು ಮಾಯವಾಗಿದ್ದರು. ಕೂಲಿ ಮಾಡುವ, ರಿಕ್ಷಾ ಎಳೆಯುವ, ಬಟ್ಟೆ ಇಸ್ತ್ರಿ ಮಾಡುವ ಹೆತ್ತವರು ಠಾಣೆಗೆ ಅಲೆದು ಅಲೆದು ಸೋತಿದ್ದರು. ‘ಎಲ್ಲೋ ಓಡಿಹೋಗಿರಬೇಕು’ ಎಂದು ಅಟ್ಟಿಸಿಕೊಂಡಿದ್ದರು. ಆಗ ಯಾವ ಕ್ಯಾಮೆರಾ ಅವರ ಓಣಿಗೆ ಹೋಗಿತ್ತು?

ಎಲುಬು ಸಿಕ್ಕ ಮೇಲೆ ದೇಶದ ಕ್ಯಾಮೆರಾಗಳೆಲ್ಲ ಅಲ್ಲೇ ಬೀಡುಬಿಟ್ಟವು. ಮನೆಯ ಯಜಮಾನ ಮತ್ತು ಕೆಲಸದಾಳು ದೋಷಾರೋಪ ಪಟ್ಟಿಗೆ ಎಷ್ಟೋ ಮುಂಚೆಯೇ ‘ನರಭಕ್ಷಕ’ರಾದರು. ಕೊನೆಗೆ ಆದದ್ದೇನು? 2023ರ ಅಕ್ಟೋಬರ್‌ನಲ್ಲಿ ಅಲಹಾಬಾದ್ ಹೈಕೋರ್ಟ್, ಸಾಕ್ಷ್ಯ ಸಂಗ್ರಹದ ಮೂಲ ನಿಯಮಗಳನ್ನೇ ಉಲ್ಲಂಘಿಸಲಾಗಿದೆ ಎಂದು ತನಿಖೆಯನ್ನು ತರಾಟೆಗೆ ತೆಗೆದುಕೊಂಡು ಇಬ್ಬರನ್ನೂ ಖುಲಾಸೆ ಮಾಡಿತು. 2025ರ ನವೆಂಬರ್‌ನಲ್ಲಿ ಉಳಿದಿದ್ದ ಕೊನೆಯ ಪ್ರಕರಣದಲ್ಲೂ ಕೆಲಸದಾಳನ್ನು ಸುಪ್ರೀಂ ಕೋರ್ಟ್ ಬಿಡುಗಡೆ ಮಾಡಿತು. ಸುಮಾರು ಎರಡು ದಶಕ ಕಳೆದರೂ ತಮ್ಮ ಮಕ್ಕಳನ್ನು ಕೊಂದವರು ಯಾರು ಎಂಬುದಕ್ಕೆ ಆ ಹೆತ್ತವರ ಬಳಿ ಉತ್ತರವಿಲ್ಲ. ಬೇಕಾದಾಗ ಸುದ್ದಿ ಇರಲಿಲ್ಲ. ಸುದ್ದಿ ಬಂದಾಗ ಅದು ಎರಡು ಮುಖಗಳಿಗೆ ಅಂಟಿಕೊಂಡಿತು. ತನಿಖೆ ಎಲ್ಲಿ ಹಳ್ಳ ಹಿಡಿಯುತ್ತಿದೆ ಎಂದು ಕೇಳಬೇಕಾದ ಹೊತ್ತಿನಲ್ಲಿ ಕೇಳಿದವರು ತೀರ ಕಡಿಮೆ.

ಎರಡನೆಯದು ಅದೇ ನೋಯ್ಡಾದ್ದು, 2008ರ ಮೇ ತಿಂಗಳಿನದು. ಹದಿಹರೆಯದ ಒಬ್ಬ ಬಾಲಕಿ ಮನೆಯಲ್ಲೇ ಕೊಲೆಯಾಗಿದ್ದಳು. ಮನೆಗೆಲಸದ ಆಳು ಕಾಣಿಸಲಿಲ್ಲ. ಕಾಣಿಸದವನೇ ಕೊಲೆಗಾರ ಎಂದಾಯಿತು. ಅವನ ಹೆಸರು ದೇಶವೆಲ್ಲ ಮೊಳಗಿತು, ಅವನ ಊರಾದ ನೇಪಾಳದತ್ತ ಹುಡುಕಾಟ ಹೊರಟಿತು. ಮಾರನೆಯ ದಿನ ಅದೇ ಕಟ್ಟಡದ ತಾರಸಿಯ ಮೇಲೆ ಅವನ ಹೆಣ ಸಿಕ್ಕಿತು. ಅವನೂ ಕೊಲೆಯಾಗಿದ್ದ. ಬೀಗ ಹಾಕಿದ್ದ ತಾರಸಿಯ ಬಾಗಿಲನ್ನು ಮೊದಲ ದಿನವೇ ಒಡೆದು ನೋಡುವ ಬದಲು, ಸತ್ತವನನ್ನೇ ಕೊಲೆಗಾರ ಎಂದು ಸಾರಲಾಗಿತ್ತು. ಆಮೇಲೆ ಬೇರೆ ಕೆಲಸದವರು, ಆಮೇಲೆ ಹೆತ್ತವರು, ಹೀಗೆ ಒಬ್ಬರ ನಂತರ ಒಬ್ಬರು ತೆರೆಯ ಮೇಲೆ ಕೊಲೆಗಾರರಾದರು. 2013ರಲ್ಲಿ ಶಿಕ್ಷೆಗೊಳಗಾದ ಹೆತ್ತವರನ್ನು 2017ರಲ್ಲಿ ಹೈಕೋರ್ಟ್ ಖುಲಾಸೆ ಮಾಡಿತು. ಆ ಎರಡು ಕೊಲೆಗಳಿಗೂ ಇಂದಿಗೂ ಅಪರಾಧಿ ಇಲ್ಲ.

ನಮ್ಮ ಕೈಗೂ ರಕ್ತ ಅಂಟಿದೆ

ತಪ್ಪೆಲ್ಲ ಟಿ.ವಿ.ಯವರದು ಎಂದು ಕೈತೊಳೆದುಕೊಳ್ಳುವ ಹಾಗಿಲ್ಲ. 2018ರ ಮೇ ತಿಂಗಳಲ್ಲಿ ‘ಮಕ್ಕಳ ಕಳ್ಳರು ಬಂದಿದ್ದಾರೆ’ ಎಂಬ ಸಂದೇಶ ಕರ್ನಾಟಕದ ಮೊಬೈಲ್‌ಗಳಲ್ಲೆಲ್ಲ ಹರಿದಾಡಿತು. ಬೆಂಗಳೂರಿನ ಚಾಮರಾಜಪೇಟೆಯಲ್ಲಿ ಕೆಲಸ ಹುಡುಕಿಕೊಂಡು ರಾಜಸ್ಥಾನದಿಂದ ಬಂದಿದ್ದ ಯುವಕನೊಬ್ಬನನ್ನು ಹಗ್ಗದಲ್ಲಿ ಕಟ್ಟಿ, ಬೀದಿಯಲ್ಲಿ ಎಳೆದಾಡಿ, ಹೊಡೆದು ಕೊಂದರು. ಎರಡು ತಿಂಗಳೂ ಕಳೆದಿರಲಿಲ್ಲ. ಬೀದರ್ ಜಿಲ್ಲೆಯ ಔರಾದ್ ತಾಲ್ಲೂಕಿನಲ್ಲಿ ಹೈದರಾಬಾದ್ ಕಡೆಯಿಂದ ಬಂದ ಗೆಳೆಯರು ಶಾಲಾ ಮಕ್ಕಳಿಗೆ ಚಾಕೊಲೇಟ್ ಕೊಟ್ಟದ್ದೇ ತಪ್ಪಾಯಿತು. ಅವರ ವಿಡಿಯೊ ಕ್ಷಣದಲ್ಲಿ ಮುಂದಿನ ಹಳ್ಳಿ ತಲುಪಿತು. ಅಲ್ಲಿ ರಸ್ತೆಗೆ ಅಡ್ಡ ಹಾಕಿ ನಿಂತಿದ್ದ ಗುಂಪಿನ ಹೊಡೆತಕ್ಕೆ ಒಬ್ಬ ಸಾಫ್ಟ್‌ವೇರ್ ಎಂಜಿನಿಯರ್ ಸತ್ತ. ಆ ಇಬ್ಬರೂ ಯಾವ ಮಗುವನ್ನೂ ಕದ್ದಿರಲಿಲ್ಲ.

ಅವರನ್ನು ಕೊಂದ ಕೈಗಳು ನಮ್ಮಂಥವರವೇ. ಆ ಸಂದೇಶಗಳನ್ನು ಒತ್ತಿ ಮುಂದಕ್ಕೆ ಕಳಿಸಿದ ಬೆರಳುಗಳೂ ನಮ್ಮಂಥವರವೇ.

ಹೆಸರು ಮೊದಲೇ ಹೊರಬಿದ್ದರೆ ಏನೇನು ಕೆಡುತ್ತದೆ?

‘ತಪ್ಪು ಮಾಡಿದವನ ಹೆಸರು ಹೇಳಿದರೆ ಏನು ನಷ್ಟ?’ ಎಂದು ಕೇಳುವವರಿದ್ದಾರೆ. ನಷ್ಟ ನೊಂದವರಿಗೇ ಹೆಚ್ಚು. ಹೇಗೆಂದು ನೋಡಿ.

ಗುರುತು ಹಚ್ಚುವ ಕವಾಯತು ಕೆಡುತ್ತದೆ. ಸಾಕ್ಷಿಯೊಬ್ಬರು ಹಲವರ ಸಾಲಿನಲ್ಲಿ ಒಬ್ಬನತ್ತ ಬೆರಳು ಮಾಡಿ ‘ಇವನೇ’ ಎಂದರೆ ಅದಕ್ಕೆ ಬೆಲೆ ಇರುತ್ತದೆ. ಆದರೆ ಆ ಮುಖವನ್ನು ವಾರವಿಡೀ ಟಿ.ವಿ.ಯಲ್ಲಿ ತೋರಿಸಿದ್ದರೆ, ಸಾಕ್ಷಿ ಗುರುತಿಸಿದ್ದು ಘಟನೆಯ ನೆನಪಿನಿಂದಲೋ ಟಿ.ವಿ.ಯ ನೆನಪಿನಿಂದಲೋ ಎಂದು ಎದುರು ವಕೀಲರು ಕೇಳುತ್ತಾರೆ. ನಿಜವಾದ ಅಪರಾಧಿ ಈ ಸಂದಿನಲ್ಲೇ ನುಸುಳಿ ಹೋಗುತ್ತಾನೆ.

‘ತಪ್ಪೊಪ್ಪಿಕೊಂಡ’ ಎಂಬ ತಲೆಬರಹ ಜನರ ದಾರಿ ತಪ್ಪಿಸುತ್ತದೆ. ಪೊಲೀಸ್ ಅಧಿಕಾರಿಯ ಮುಂದೆ ಕೊಟ್ಟ ತಪ್ಪೊಪ್ಪಿಗೆಯನ್ನು ಆರೋಪಿಯ ವಿರುದ್ಧ ಸಾಕ್ಷ್ಯವಾಗಿ ಬಳಸುವಂತಿಲ್ಲ. ಬ್ರಿಟಿಷರ ಕಾಲದ ಸಾಕ್ಷ್ಯ ಕಾಯ್ದೆಯ 25ನೇ ಕಲಂ ಹಾಗೆ ಹೇಳುತ್ತಿತ್ತು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದ 23ನೇ ಕಲಮೂ ಅದನ್ನೇ ಹೇಳುತ್ತದೆ. ಕೋರ್ಟು ಒಪ್ಪದ ಮಾತನ್ನು ಊರು ಒಪ್ಪಿ ಕೂತಿರುತ್ತದೆ. ಮುಂದೆ ಖುಲಾಸೆಯಾದರೆ ‘ದುಡ್ಡು ಕೊಟ್ಟು ಬಿಡಿಸಿಕೊಂಡ’ ಎಂಬ ಮಾತು ಹುಟ್ಟುತ್ತದೆ.

ಸುಳಿವು ಕೊಡುವವರು ಸುಮ್ಮನಾಗುತ್ತಾರೆ. ‘ಆರೋಪಿ ಸಿಕ್ಕಿದನಂತೆ’ ಎಂದ ಮೇಲೆ, ಬೇರೊಂದು ಊರಿನ ಬಸ್ಸಿನಲ್ಲಿ ಆ ಹುಡುಗಿಯನ್ನು ಕಂಡಿದ್ದ ಕಂಡಕ್ಟರ್ ಠಾಣೆಗೆ ಯಾಕೆ ಫೋನ್ ಮಾಡುತ್ತಾನೆ? ಬದುಕಿರಬಹುದಾದ ಜೀವವನ್ನು ನಾವೇ ಸತ್ತವರ ಲೆಕ್ಕಕ್ಕೆ ಸೇರಿಸಿಬಿಡುತ್ತೇವೆ.

ಮನೆಮಂದಿ ಬೀದಿಗೆ ಬೀಳುತ್ತಾರೆ. ಶಂಕಿತನ ಮಗಳು ಶಾಲೆ ಬಿಡುತ್ತಾಳೆ, ಬಾಡಿಗೆ ಮನೆಯವರು ಖಾಲಿ ಮಾಡಿ ಎನ್ನುತ್ತಾರೆ, ಕೂಲಿಗೆ ಯಾರೂ ಕರೆಯುವುದಿಲ್ಲ. ಬಿಡುಗಡೆಯ ಸುದ್ದಿ ಒಳಪುಟದ ಮೂಲೆಯಲ್ಲಿ ಎರಡು ಸಾಲು ಬಂದರೆ ಹೆಚ್ಚು.

ಕಾನೂನಿನಲ್ಲಿರುವ ತೂತು

ನ್ಯಾಯಾಂಗ ನಿಂದನೆ ಕಾಯ್ದೆ 1971ರದ್ದು. ಅದರ ಪ್ರಕಾರ ಕ್ರಿಮಿನಲ್ ಪ್ರಕರಣವೊಂದು ‘ಬಾಕಿ ಇದೆ’ ಎನಿಸಿಕೊಳ್ಳುವುದು ದೋಷಾರೋಪ ಪಟ್ಟಿ ಸಲ್ಲಿಕೆಯಾದ ಮೇಲೆ, ಇಲ್ಲವೇ ಕೋರ್ಟು ಸಮನ್ಸ್ ಅಥವಾ ವಾರಂಟ್ ಹೊರಡಿಸಿದ ಮೇಲೆ. ಬಂಧನವಾಗಿ ದೋಷಾರೋಪ ಪಟ್ಟಿ ಬರುವ ತನಕದ 60 ಅಥವಾ 90 ದಿನಗಳಲ್ಲೇ ಹೆಸರು, ಫೋಟೊ, ಊರು, ಜಾತಿ ಎಲ್ಲವೂ ಹರಾಜಾಗುವುದು. ಆ ದಿನಗಳಿಗೇ ಈ ಕಾಯ್ದೆಯ ರಕ್ಷಣೆ ಇಲ್ಲ. ಬಂಧನದ ದಿನದಿಂದಲೇ ರಕ್ಷಣೆ ಸಿಗಬೇಕೆಂದು ಕಾನೂನು ಆಯೋಗ 2006ರ ತನ್ನ 200ನೇ ವರದಿಯಲ್ಲೇ ಶಿಫಾರಸು ಮಾಡಿತ್ತು.

ಇದು ಆಗದ ಕೆಲಸವೇನಲ್ಲ. ಇಂಗ್ಲೆಂಡಿನಲ್ಲಿ 1981ರ ಇದೇ ಬಗೆಯ ಕಾಯ್ದೆಯಂತೆ ಬಂಧನದಿಂದಲೇ ನಿರ್ಬಂಧ ಶುರು. 2010ರ ಡಿಸೆಂಬರಿನಲ್ಲಿ ಬ್ರಿಸ್ಟಲ್ ನಗರದಲ್ಲಿ ಯುವತಿಯೊಬ್ಬಳು ಕಾಣೆಯಾಗಿ, ಕೆಲವು ದಿನಗಳಲ್ಲಿ ಅವಳ ಶವ ಸಿಕ್ಕಿತು. ಪೊಲೀಸರು ಅವಳ ಮನೆಯ ಮಾಲೀಕರನ್ನು ಬಂಧಿಸಿ ವಿಚಾರಿಸಿದರು. ನಿವೃತ್ತ ಮೇಷ್ಟರಾದ ಅವರ ಕೂದಲು, ಮಾತಿನ ಧಾಟಿ, ಒಂಟಿ ಬದುಕು ಎಲ್ಲವನ್ನೂ ಪತ್ರಿಕೆಗಳು ಅಪರಾಧದ ಗುರುತು ಎಂಬಂತೆ ಬರೆದವು. ಕೊಂದವನು ಬೇರೆಯವನು, 2011ರಲ್ಲಿ ಅವನಿಗೆ ಶಿಕ್ಷೆಯಾಯಿತು. ಎಂಟು ಪತ್ರಿಕೆಗಳು ಆ ಮೇಷ್ಟರಿಗೆ ಮಾನನಷ್ಟ ಪರಿಹಾರ ಕೊಟ್ಟವು. ಎರಡು ಪತ್ರಿಕೆಗಳಿಗೆ ನ್ಯಾಯಾಂಗ ನಿಂದನೆಯ ದಂಡವೂ ಬಿತ್ತು.

ನಮ್ಮ ನ್ಯಾಯಾಲಯಗಳೂ ಎಚ್ಚರಿಸುತ್ತಲೇ ಬಂದಿವೆ. ಮಾಧ್ಯಮ ವಿಚಾರಣೆ ನ್ಯಾಯದಾನಕ್ಕೆ ಅಡ್ಡಿ ಎಂದು 2021ರ ಜನವರಿಯಲ್ಲಿ ಬಾಂಬೆ ಹೈಕೋರ್ಟ್ ಹೇಳಿತು. ಪೊಲೀಸರು ಪತ್ರಿಕಾಗೋಷ್ಠಿಯಲ್ಲಿ ಏನು ಹೇಳಬೇಕು, ಏನು ಹೇಳಬಾರದು ಎಂಬ ಬಗ್ಗೆ ಮಾರ್ಗಸೂಚಿ ಸಿದ್ಧಪಡಿಸಿ ಎಂದು 2023ರ ಸೆಪ್ಟೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಕೇಂದ್ರ ಗೃಹ ಸಚಿವಾಲಯಕ್ಕೆ ಸೂಚಿಸಿತು. ಕಾಗದದ ಮೇಲಿನ ಈ ಮಾತುಗಳು ನಮ್ಮ ಠಾಣೆಯ ಮೆಟ್ಟಿಲಿಗೆ ಇಳಿಯಬೇಕಾದರೆ ಕೇಳುವವರು ಬೇಕು. ಆ ಕೇಳುವವರು ನಾವೇ.

ಮಾಧ್ಯಮದವರೇ, ನಿಮ್ಮ ಬಾಯಿ ಮುಚ್ಚಿಸಲು ಬಂದಿಲ್ಲ

ನೀವು ಸುಮ್ಮನಾದರೆ ಬಡವರ ಮಕ್ಕಳ ಕಡತ ಬೀರುವಿನಲ್ಲೇ ಕೊಳೆಯುತ್ತದೆ ಎಂಬುದು ನಮಗೆ ಗೊತ್ತು. ನಿಠಾರಿಯ ಪಾಠವೂ ಅದೇ. ಆದ್ದರಿಂದ ನೀವು ಇನ್ನಷ್ಟು ಮಾತನಾಡಿ. ಎಫ್‌ಐಆರ್ ಎಂದು ದಾಖಲಾಯಿತು? ಸಿಸಿಟಿವಿ ದೃಶ್ಯ ಯಾವಾಗ ಪಡೆದರು? ಫೋನ್ ಕರೆಗಳ ವಿವರ ತರಿಸಿದರೇ? ಪಕ್ಕದ ಜಿಲ್ಲೆಗೆ ಚಹರೆ ಕಳಿಸಿದರೇ? ಇವನ್ನು ಪ್ರತಿದಿನ ಕೇಳಿ. ಹೆಸರು ಗೊತ್ತಿರುವ ಅಧಿಕಾರಿಯನ್ನು ಕೇಳಿ. ಬಾಗಿಲು ಹಾಕಿಕೊಂಡು ಕೂತ ಶಂಕಿತನ ಹೆಂಡತಿ ಮಕ್ಕಳನ್ನು ಬಿಟ್ಟುಬಿಡಿ.

ಶ್ರೀಮಂತರ ಬಡಾವಣೆಯ ಹುಡುಗಿ ಕಾಣೆಯಾದರೆ ಮೂರು ದಿನ, ಗಾರೆ ಕೆಲಸದವರ ಮಗಳು ಕಾಣೆಯಾದರೆ ಮೂರು ಸೆಕೆಂಡು ಎಂಬ ತಕ್ಕಡಿಯನ್ನೂ ಎಸೆಯಿರಿ. ಪ್ರೇಮ, ಅಕ್ರಮ ಸಂಬಂಧದ ವಾಸನೆ ಬಂದಾಗ ಮಾತ್ರ ಅವಳು ಸುದ್ದಿಯಾಗಬಾರದು.

ನಮ್ಮ ಹಕ್ಕೊತ್ತಾಯಗಳು

1. ದೋಷಾರೋಪ ಪಟ್ಟಿ ಸಲ್ಲಿಕೆಯಾಗುವ ತನಕ ಶಂಕಿತರ ಹೆಸರು, ಫೋಟೊ, ವಿಳಾಸವನ್ನು ಪೊಲೀಸರು ಬಿಟ್ಟುಕೊಡಬಾರದು, ಮಾಧ್ಯಮ ಪ್ರಕಟಿಸಬಾರದು. ತಲೆಮರೆಸಿಕೊಂಡವರನ್ನು ಹುಡುಕಲು ಸಾರ್ವಜನಿಕರ ನೆರವು ಬೇಕೇಬೇಕಾದಲ್ಲಿ ಮಾತ್ರ, ಹಿರಿಯ ಅಧಿಕಾರಿಯ ಲಿಖಿತ ಅನುಮತಿ ಪಡೆದು ವಿನಾಯಿತಿ ಕೊಡಲಿ.

2. ಬಂಧಿತರನ್ನು ಮುಸುಕು ಹಾಕಿ ಸಾಲಾಗಿ ನಿಲ್ಲಿಸಿ ಫೋಟೊ ತೆಗೆಸುವ ಪದ್ಧತಿ ನಿಲ್ಲಲಿ.

3. ಕಾನೂನು ಆಯೋಗದ ಶಿಫಾರಸಿನಂತೆ ಬಂಧನದ ದಿನದಿಂದಲೇ ರಕ್ಷಣೆ ಸಿಗುವ ಹಾಗೆ ಸಂಸತ್ತು ನ್ಯಾಯಾಂಗ ನಿಂದನೆ ಕಾಯ್ದೆಯನ್ನು ತಿದ್ದಲಿ.

4. ಯಾರನ್ನಾದರೂ ಶಂಕಿತರೆಂದು ತೋರಿಸಿದ ವಾಹಿನಿ, ಪತ್ರಿಕೆಗಳು ಅವರು ನಿರ್ದೋಷಿ ಎಂದಾದಾಗ ಅಷ್ಟೇ ಹೊತ್ತು, ಅಷ್ಟೇ ಜಾಗದಲ್ಲಿ ಅದನ್ನೂ ಹೇಳಲಿ.

5. ಪ್ರತಿ ಸುದ್ದಿ ವಾಹಿನಿ ದಿನಕ್ಕೆ ಹತ್ತು ನಿಮಿಷವನ್ನು ಕಾಣೆಯಾದವರ ಚಹರೆ ತೋರಿಸಲೆಂದೇ ಮೀಸಲಿಡಲಿ.

ನೀವು ಮಾಡಬೇಕಾದದ್ದು

ನಿಮ್ಮ ಓಣಿಯಲ್ಲಿ ಯಾರಾದರೂ ಕಾಣೆಯಾದರೆ ಒಂದು ಗಂಟೆಯೂ ಕಾಯಬೇಡಿ. ‘24 ಗಂಟೆ ನೋಡಿ ಬನ್ನಿ’ ಎಂದು ಯಾರೇ ಹೇಳಲಿ, ಹಾಗೆ ಕಾಯಬೇಕೆಂಬ ಕಾನೂನು ಇಲ್ಲ. ಮಗು ಕಾಣೆಯಾದ ದೂರು ಬಂದರೆ ಎಫ್‌ಐಆರ್ ದಾಖಲಿಸಲೇಬೇಕು ಎಂದು 2013ರಲ್ಲೇ ಸುಪ್ರೀಂ ಕೋರ್ಟ್ ಆದೇಶಿಸಿದೆ. ‘ನಮ್ಮ ವ್ಯಾಪ್ತಿಗೆ ಬರುವುದಿಲ್ಲ’ ಎಂದರೆ, ವ್ಯಾಪ್ತಿ ನೋಡದೆ ದಾಖಲಿಸುವ ಝೀರೋ ಎಫ್‌ಐಆರ್ ಕೇಳಿ. ಎಫ್‌ಐಆರ್ ಪ್ರತಿಯನ್ನು ದೂರುದಾರರಿಗೆ ಉಚಿತವಾಗಿ ಕೊಡಬೇಕು. ದೂರು ತೆಗೆದುಕೊಳ್ಳದಿದ್ದರೆ ಅಂಚೆಯ ಮೂಲಕ ಎಸ್‌ಪಿ ಅವರಿಗೆ ಕಳಿಸಿ. ಅಲ್ಲೂ ಆಗದಿದ್ದರೆ ಮ್ಯಾಜಿಸ್ಟ್ರೇಟರ ಮುಂದೆ ಹೋಗಿ. ತುರ್ತಿಗೆ 112, ಮಕ್ಕಳಿಗಾಗಿ 1098.

ಆ ಮನೆಗೆ ಹೋಗಿ, ಜೊತೆಗೆ ಕೂತು, ಇತ್ತೀಚಿನ ಒಳ್ಳೆಯ ಫೋಟೊ ಆರಿಸಿ. ಹಚ್ಚೆ, ಮಚ್ಚೆ, ಹಾಕಿದ್ದ ಬಟ್ಟೆ, ಮಾತನಾಡುವ ಭಾಷೆ ಬರೆಯಿರಿ. ಚೀಟಿಯಲ್ಲಿ ಠಾಣೆಯ ನಂಬರು ಹಾಕಿ. ಬಸ್ ನಿಲ್ದಾಣ, ರೈಲು ನಿಲ್ದಾಣ, ಆಸ್ಪತ್ರೆ, ಛತ್ರ, ದೇವಸ್ಥಾನ, ದರ್ಗಾ ಎಲ್ಲ ಕಡೆ ಅಂಟಿಸಿ. ಅವರು ಸಿಕ್ಕ ದಿನವೇ ಆ ಚೀಟಿಗಳನ್ನು ಕಿತ್ತು, ಸಂದೇಶವನ್ನೂ ಅಳಿಸಿ. ಮರಳಿ ಬಂದವರಿಗೆ ಹಳೆಯ ಚೀಟಿ ಭಾರವಾಗಬಾರದು.

ಮೊಬೈಲ್‌ಗೆ ‘ಇವನೇ ಆರೋಪಿ, ಶೇರ್ ಮಾಡಿ’ ಎಂದು ಬಂದರೆ ಅಲ್ಲೇ ನಿಲ್ಲಿಸಿ. ಕಳಿಸಿದವರಿಗೆ ಫೋನ್ ಮಾಡಿ, ‘ಅಣ್ಣಾ, ಇದನ್ನು ಯಾವ ಠಾಣೆಯವರು ಹೇಳಿದರು?’ ಎಂದು ಕೇಳಿ. ನಿಮಗೆ ನಿಜವಾಗಿಯೂ ಯಾರ ಮೇಲಾದರೂ ಅನುಮಾನವಿದ್ದರೆ ಠಾಣೆಗೆ ಹೋಗಿ ಹೇಳಿ, ಬರೆದು ಕೊಡಿ. ಕ್ಯಾಮೆರಾ ಮುಂದೆ ಹೇಳಬೇಡಿ.

ವಾಹಿನಿಯ ಮೇಲೆ ದೂರು ಕೊಡುವ ದಾರಿಯೂ ಇದೆ. 2021ರ ನಿಯಮಗಳಂತೆ ವಾಹಿನಿ ನಿಮ್ಮ ದೂರು ತಲುಪಿದ್ದನ್ನು 24 ಗಂಟೆಯೊಳಗೆ ತಿಳಿಸಬೇಕು, 15 ದಿನಗಳೊಳಗೆ ಉತ್ತರ ಕೊಡಬೇಕು. ದಿನಪತ್ರಿಕೆಯಾದರೆ ಮೊದಲು ಸಂಪಾದಕರಿಗೆ ಬರೆಯಿರಿ. ಫಲ ಸಿಗದಿದ್ದರೆ ಪ್ರಕಟವಾದ ಎರಡು ತಿಂಗಳೊಳಗೆ ಭಾರತೀಯ ಪತ್ರಿಕಾ ಮಂಡಳಿಗೆ ದೂರು ಕೊಡಿ. ಒಬ್ಬರ ಕಾಗದಕ್ಕೆ ಕಿಮ್ಮತ್ತು ಇಲ್ಲದಿರಬಹುದು. ಒಂದೇ ಕಾರ್ಯಕ್ರಮದ ಮೇಲೆ ಒಂದು ಬೀದಿಯೇ ಬರೆದರೆ ಉತ್ತರ ಕೊಡಲೇಬೇಕಾಗುತ್ತದೆ.

ಬಂಧುಗಳೇ, ನಾಳೆ ಕಾಣೆಯಾಗುವವರು ನಮ್ಮ ಮನೆಯವರೇ ಇರಬಹುದು. ನಾಳೆ ಅನುಮಾನಕ್ಕೆ ಸಿಕ್ಕಿಬೀಳುವವರೂ ನಮ್ಮ ಮನೆಯವರೇ ಇರಬಹುದು. ಇಬ್ಬರಿಗೂ ನ್ಯಾಯ ಸಿಗುವುದು ಒಂದೇ ದಾರಿಯಲ್ಲಿ: ಬೇಗ ಹುಡುಕುವುದು, ನಿಧಾನಿಸಿ ದೂಷಿಸುವುದು. ಈ ಕರಪತ್ರವನ್ನು ಓದಿ ಬಿಸಾಡಬೇಡಿ. ಜೆರಾಕ್ಸ್ ಮಾಡಿಸಿ ಟೀ ಅಂಗಡಿ, ಸಲೂನ್, ಆಟೋ ಸ್ಟ್ಯಾಂಡ್, ಸ್ವಸಹಾಯ ಸಂಘದ ಸಭೆಗಳಲ್ಲಿ ಹಂಚಿ. ನಮ್ಮ ಹಕ್ಕೊತ್ತಾಯಗಳ ಕೆಳಗೆ ಸಹಿ ಮಾಡಿ ನಿಮ್ಮ ಶಾಸಕರಿಗೆ, ಸಂಸದರಿಗೆ, ಜಿಲ್ಲಾ ಪೊಲೀಸ್ ವರಿಷ್ಠಾಧಿಕಾರಿಗಳಿಗೆ ತಲುಪಿಸಿ.

ಕಾಣೆಯಾದವರ ಮುಖ ತೋರಿಸಿ, ಶಂಕಿತರ ಹೆಸರು ತಡೆಹಿಡಿಯಿರಿ!
ಬಡವರ ಮಕ್ಕಳ ದೂರಿಗೂ ಎಫ್‌ಐಆರ್ ಹಾಕಿ!
ತೀರ್ಪು ಕೋರ್ಟಿನಲ್ಲಿ ಆಗಲಿ, ಸ್ಟುಡಿಯೋದಲ್ಲಿ ಬೇಡ!

— ಈ ಊರಿನ ಕಾಳಜಿಯುಳ್ಳ ನಾಗರಿಕರು